ಪತ್ರಿಕೆಯ ಒಲವು ಮತ್ತು ಪತ್ರಿಕೆಯ ನೀತಿ: ಮೈಸೂರಿನ ಒಂದು ಸಂಪಾದಕೀಯದ ಪಾಠ

ಪತ್ರಿಕೆಗೆ ರಾಜಕೀಯ ಒಲವು ಇರಬಾರದೆಂದು ಹೇಳುವುದು ಸುಲಭ. ಒಲವೇ ಇಲ್ಲದ ಪತ್ರಿಕೆಯನ್ನು ತೋರಿಸುವುದು ಕಷ್ಟ. ಬರೆಯುವವರೂ ಮನುಷ್ಯರೇ, ಅವರಿಗೂ ಮೆಚ್ಚುಗೆ, ಅಸಮಾಧಾನಗಳಿರುತ್ತವೆ. ಆದ್ದರಿಂದ ಒಲವು ಇದೆಯೇ ಎಂದು ಕೇಳುವುದಕ್ಕಿಂತ, ಅದು ಯಾವ ಹಂತದಲ್ಲಿ ಅಧರ್ಮವಾಗುತ್ತದೆ ಎಂದು ವಿಚಾರಿಸುವುದು ಲೇಸು. ಈ ವಿಚಾರಕ್ಕೆ ದೂರದ ನಿದರ್ಶನ ಬೇಕಿಲ್ಲ. ನಮ್ಮ ಮೈಸೂರಿನಲ್ಲಿಯೇ ಒಂದು ಇದೆ.

2020ರ ಏಪ್ರಿಲ್ ತಿಂಗಳು. ಲಾಕ್‌ಡೌನ್ ಕಾರಣ ದೇವರಾಜ ಮೊಹಲ್ಲಾದ ಬೀದಿಗಳು ನಿರ್ಜನವಾಗಿದ್ದವು. ಮನೆಯೊಳಗೆ ಕುಳಿತ ಜನರಿಗೆ ಪತ್ರಿಕೆಯೇ ಹೊರಜಗತ್ತಿನ ಕಿಟಕಿಯಾಗಿತ್ತು. ದೆಹಲಿಯ ನಿಜಾಮುದ್ದೀನಿನಲ್ಲಿ ನಡೆದ ತಬ್ಲೀಘಿ ಜಮಾತ್ ಸಮಾವೇಶದ ಸುದ್ದಿ ದೇಶವನ್ನೆಲ್ಲ ಆವರಿಸಿತ್ತು. ಅಂಥ ಹೊತ್ತಿನಲ್ಲಿ, ಏಪ್ರಿಲ್ 6ರಂದು, ನಗರದ ಹೆಸರಾಂತ ಇಂಗ್ಲಿಷ್ ಸಂಜೆ ದೈನಿಕ 'ಸ್ಟಾರ್ ಆಫ್ ಮೈಸೂರ್' ಒಂದು ಸಂಪಾದಕೀಯವನ್ನು ಪ್ರಕಟಿಸಿತು. ಬುಟ್ಟಿಯೊಳಗಿನ ಕೆಟ್ಟ ಸೇಬುಗಳು ಎಂಬುದು ಅದರ ಶೀರ್ಷಿಕೆಯ ಅರ್ಥ. ಸಮುದಾಯದ ಹೆಸರನ್ನು ಅದು ಎತ್ತಲಿಲ್ಲ. ಆದರೆ ದೇಶದ ಶೇ 18ರಷ್ಟು ಜನರನ್ನು ಕೊಳೆತ ಹಣ್ಣುಗಳೆಂದು ಸೂಚಿಸಿ, ಅಂಥವನ್ನು ತೊಡೆದುಹಾಕುವುದೇ ಆದರ್ಶ ಪರಿಹಾರವೆಂಬ ಅರ್ಥದ ಮಾತನ್ನು ಆಡಿತು. ಯಾರನ್ನು ಕುರಿತ ಮಾತೆಂಬುದರಲ್ಲಿ ಓದುಗರಿಗೆ ಸಂಶಯ ಉಳಿಯಲಿಲ್ಲ.

ಅದು ಸಾಮಾನ್ಯ ಪತ್ರಿಕೆಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. 1978ರಲ್ಲಿ ಕೆ.ಬಿ. ಗಣಪತಿಯವರು ಅದನ್ನು ಆರಂಭಿಸಿದರು. ಅವರದೇ ಸಂಸ್ಥೆಯ 'ಮೈಸೂರು ಮಿತ್ರ' ಕನ್ನಡದಲ್ಲಿ ಬರುತ್ತಿದೆ. ನಗರದ ಕೆರೆ, ರಸ್ತೆ, ಪಾರಂಪರಿಕ ಕಟ್ಟಡಗಳ ಪರವಾಗಿ ಈ ಪತ್ರಿಕೆ ದಶಕಗಳ ಕಾಲ ಬರೆದಿದೆ. 2025ರಲ್ಲಿ ಗಣಪತಿಯವರು ನಿಧನರಾದಾಗ ಮೈಸೂರು ಪ್ರಾಮಾಣಿಕವಾಗಿ ಶೋಕಿಸಿತು. ಹಳೆಯ ನಂಟಿನ ಪತ್ರಿಕೆಯಾದ್ದರಿಂದಲೇ ಆ ಬರಹ ಹೆಚ್ಚು ನೋಯಿಸಿತು. ಅಪರಿಚಿತನ ಬೈಗುಳವನ್ನು ಮರೆಯಬಹುದು. ನೆರೆಮನೆಯ ಹಿರಿಯರ ಮಾತು ಮನಸ್ಸಿನಲ್ಲಿ ಉಳಿಯುತ್ತದೆ.

ಆ ಬರಹದಲ್ಲಿ ನಾವು ಎರಡು ದೋಷಗಳನ್ನು ಕಾಣುತ್ತೇವೆ. ಮೊದಲನೆಯದು ಸತ್ಯಕ್ಕೆ ಸಂಬಂಧಿಸಿದ್ದು. ಆ ದಿನಗಳಲ್ಲಿ ಮೈಸೂರು ಜಿಲ್ಲೆಯ ಸೋಂಕಿತರಲ್ಲಿ ಬಹುಪಾಲು ಜನರ ಸಂಬಂಧವಿದ್ದದ್ದು ನಂಜನಗೂಡಿನ ಔಷಧ ಕಾರ್ಖಾನೆಯೊಂದರೊಂದಿಗೆ. ಅಲ್ಲಿ ದುಡಿಯುತ್ತಿದ್ದವರು ಎಲ್ಲ ಜಾತಿ ಮತಗಳವರು. ಕಣ್ಣೆದುರಿನ ಈ ಸಂಗತಿಯನ್ನು ಬದಿಗಿಟ್ಟು, ಕಾಣದ ದೂರದ ಜನಸಮೂಹಕ್ಕೆ ಹೊಣೆ ಹೊರಿಸಲಾಯಿತು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಮುಸ್ಲಿಮರ ಪ್ರಮಾಣ ಶೇ 14.2, ಅಂಕಿಯೂ ಸರಿಯಾಗಿರಲಿಲ್ಲ. ಎರಡನೆಯದು ಧರ್ಮಕ್ಕೆ ಸಂಬಂಧಿಸಿದ್ದು. ಯಾರೋ ನಿಯಮ ಮುರಿದರೆ ಮುರಿದವರನ್ನು ಕೇಳಬೇಕು. ಹುಟ್ಟಿನಿಂದ ಒಬ್ಬನನ್ನು ಅಪರಾಧಿಯೆನ್ನುವುದು ನ್ಯಾಯವಲ್ಲ. ದೇವರಾಜ ಮಾರುಕಟ್ಟೆಯ ಹಣ್ಣಿನ ವ್ಯಾಪಾರಿಗೂ ಇದು ತಿಳಿದಿದೆ. ಅವನು ಒಂದೊಂದು ಹಣ್ಣನ್ನೂ ಕೈಯಲ್ಲಿ ಹಿಡಿದು ನೋಡುತ್ತಾನೆ. ಯಾವ ತೋಟದಿಂದ ಬಂತೆಂದು ಕೇಳಿ ಇಡೀ ಬುಟ್ಟಿಯನ್ನು ಚೆಲ್ಲುವುದಿಲ್ಲ.

ತೀವ್ರ ಆಕ್ಷೇಪ ಬಂದ ಮೇಲೆ, ಕೆಲವೇ ದಿನಗಳಲ್ಲಿ ಪತ್ರಿಕೆ ಕ್ಷಮೆ ಕೋರಿತು. ಕ್ಷಮೆ ಕೇಳದೆ ಮೊಂಡುತನ ಹಿಡಿಯುವವರೇ ಹೆಚ್ಚಿರುವಾಗ ಇದನ್ನು ಗೌರವಿಸಬೇಕು. ಆದರೂ ಅಚ್ಚಾದ ಮಾತು ಹಿಂದಿರುಗುವುದಿಲ್ಲ. ಸಂಪಾದಕೀಯ ಓದಿದವರೆಲ್ಲ ಕ್ಷಮೆಯನ್ನೂ ಓದುತ್ತಾರೆಂಬ ಭರವಸೆಯಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು, ಸಮಾವೇಶಕ್ಕೆ ಬಂದಿದ್ದ ವಿದೇಶಿಯರ ಮೇಲಿನ ಪ್ರಕರಣಗಳನ್ನು ರದ್ದುಪಡಿಸುತ್ತ, ಮಾಧ್ಯಮಗಳಲ್ಲಿ ಅವರ ವಿರುದ್ಧ ದೊಡ್ಡ ಅಪಪ್ರಚಾರ ನಡೆಯಿತೆಂದು ಹೇಳಿತು. ಅಷ್ಟರಲ್ಲಿ ನಾಲ್ಕು ತಿಂಗಳು ಕಳೆದಿದ್ದವು.

ಹಾಗಾದರೆ ಪತ್ರಿಕೆಗಳನ್ನು ತಿದ್ದುವವರು ಯಾರು? 1978ರ ಕಾಯ್ದೆಯಂತೆ ರಚಿತವಾದ ಭಾರತೀಯ ಪತ್ರಿಕಾ ಮಂಡಳಿ ಎಚ್ಚರಿಸಬಹುದು, ಖಂಡಿಸಬಹುದು, ದಂಡ ವಿಧಿಸಲಾರದು. ಹಾಗೆಂದು ಆಳುವವರ ಕೈಗೆ ಬೆತ್ತ ಕೊಡುವುದು ಇನ್ನೂ ಅಪಾಯ. 2017ರಲ್ಲಿ ನಮ್ಮ ವಿಧಾನಸಭೆಯು ಶಾಸಕರ ವಿರುದ್ಧ ಬರೆದ ಇಬ್ಬರು ಸಂಪಾದಕರಿಗೆ ಹಕ್ಕುಚ್ಯುತಿಯ ಹೆಸರಿನಲ್ಲಿ ಒಂದು ವರ್ಷದ ಸೆರೆವಾಸ ವಿಧಿಸಿದ್ದನ್ನು ನಾವು ಕಂಡಿದ್ದೇವೆ. ದೂರುದಾರರೇ ನ್ಯಾಯಾಧೀಶರಾದರೆ ನ್ಯಾಯ ಉಳಿಯದು.

ಮೈಸೂರಿನ ಪತ್ರಿಕಾ ಪರಂಪರೆ ಇದನ್ನು ಬಹು ಹಿಂದೆಯೇ ಅರಿತಿತ್ತು. ಗುರಿಕಾರ ಮರಿಮಲ್ಲಪ್ಪನವರ ದಾನದಿಂದ ಬೆಳೆದ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಎಂ. ವೆಂಕಟಕೃಷ್ಣಯ್ಯನವರು, ನಮ್ಮೆಲ್ಲರ ತಾತಯ್ಯನವರು, 1908ರ ಪತ್ರಿಕಾ ನಿರ್ಬಂಧ ಶಾಸನವನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಅಂಥವರು ನಷ್ಟ ತೆತ್ತು ಕಾಯ್ದ ಸ್ವಾತಂತ್ರ್ಯ ಅದು. ಪ್ರಭುತ್ವವನ್ನು ಪ್ರಶ್ನಿಸಲು ಪಡೆದ ಆ ಸ್ವಾತಂತ್ರ್ಯವನ್ನು, ಉತ್ತರ ಕೊಡಲಾಗದ ನೆರೆಯವರ ಮೇಲೆ ಪ್ರಯೋಗಿಸಿದಾಗ ಒಲವು ಅಧರ್ಮವಾಗುತ್ತದೆ.

ಕೊನೆಗೆ ಉಳಿಯುವವರು ಓದುಗರಾದ ನಾವು. ಇಲ್ಲಿ ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳಬೇಕಾಗಿದೆ. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವು ಲಿಂಗಾಯತ ಧರ್ಮದ ಮಾನ್ಯತೆಗಾಗಿ ಕೇಂದ್ರಕ್ಕೆ ಶಿಫಾರಸು ಮಾಡಿದಾಗ, ನಮ್ಮ ಸಮಾಜವನ್ನು ಒಂದೇ ಮತಗಂಟಾಗಿ ಎಣಿಸಿದ ವಿಶ್ಲೇಷಣೆಗಳನ್ನು ಓದಿ ನಾವು ಬೇಸರಪಟ್ಟೆವು. ಪ್ರತಿ ಚುನಾವಣೆಯಲ್ಲೂ ಪಡುತ್ತೇವೆ. ಲಕ್ಷಾಂತರ ಜನರ ವಿವೇಕವನ್ನು ಒಂದು ಜಾತಿಯ ಹೆಸರಿನಲ್ಲಿ ಅಡಗಿಸುವುದು ತಪ್ಪೆಂದು ನಮಗೆ ಆಗ ಹೊಳೆಯುತ್ತದೆ. ಅದೇ ಅಳತೆಗೋಲನ್ನು ಬೇರೊಬ್ಬರ ಮೇಲೆ ಹಿಡಿದಾಗ ನಾವು ಸುಮ್ಮನಿದ್ದೆವೆ? ಒಳಗೊಳಗೆ ಮೆಚ್ಚಿದೆವೆ? ಮೊಬೈಲಿನಲ್ಲಿ ಹತ್ತು ಜನರಿಗೆ ಕಳುಹಿಸಿದೆವೆ?

ನುಡಿಯೂ ನಡೆಯೂ ಒಂದಾಗಿರಬೇಕೆಂದು ಬಯಸಿದ ಶರಣರ ಹಾದಿಯವರು ನಾವು. ನಮಗೆ ಹಿತವಾದ ಸುದ್ದಿಯನ್ನೇ ಮೊದಲು ಶಂಕಿಸುವ ಅಭ್ಯಾಸ ನಮಗಿರಲಿ. ತಪ್ಪು ಕಂಡರೆ ಕಲ್ಲೆತ್ತದೆ, ಮೌನವನ್ನೂ ತಾಳದೆ, ಸಂಪಾದಕರಿಗೆ ಸಹಿ ಹಾಕಿದ ಒಂದು ಪತ್ರ ಬರೆಯೋಣ. 2020ರಲ್ಲಿ ಆ ಪತ್ರಿಕೆಯಿಂದ ಕ್ಷಮೆಯ ಮಾತು ಹೊರಡಿಸಿದ್ದು ಜನರು ಎತ್ತಿದ ಆಕ್ಷೇಪವೇ.