ಎರಡೂಕಾಲು ಲಕ್ಷದ ಹಾಡು, ಯಾರ ಕಿವಿಗೆ?

ಮನಿಗೆ ಮಿಕ್ಸರ್ ತರಬೇಕಂದ್ರ ನಾವು ನಾಕು ಅಂಗಡಿ ತಿರಗತೀವಿ. ಫ್ರಿಜ್ ತರಬೇಕಂದ್ರ ಎಲ್ಲಾರೂ ಕೂತು ವಿಚಾರ ಮಾಡತೇವಿ. ಆದ್ರ ಹಾಡು ಕೇಳೂ ಸಾಮಾನು ಅಂದ ಕೂಡ್ಲೆ ಅದು ಗಂಡಸರ ವ್ಯವಹಾರ ಆಗಿಬಿಡತದ. ಅಪ್ಪ-ಮಗ ಮೊಬೈಲ್ ಹಿಡಕೊಂಡು ವಾಟ್, ಓಮ್ ಅಂತ ಮಾತಾಡತಾರ. ನಮ್ಮನ್ನ ಕೇಳೂದು ಒಂದ, "ಟಿವಿ ಕಪಾಟು ಎಲ್ಲಿ ಸರಸೋಣ?" ಇದು ಸರಿ ಅಲ್ಲ ಅಂತ ನನ್ನ ಅಭಿಪ್ರಾಯ. ರೊಕ್ಕ ಮನಿದು, ಸಪ್ಪಳನೂ ಮನಿದು. ವಿಚಾರ ಮಾಡೂವಾಗ ನಾವೂ ಕೂಡಬೇಕು.

ನಮ್ಮ ಮನಿಯವರು ರಿಟೈರ್ ಆದ ರೊಕ್ಕದಾಗ ಒಂದು ಚೀಟಿ ಬರದಾರ. ಸ್ಪೀಕರ್ ಜೋಡಿಗೆ 90 ಸಾವಿರ, ಆಂಪ್ಲಿಫೈಯರ್‌ಗೆ 70, ರೆಕಾರ್ಡು ಹಚ್ಚೂ ಟರ್ನ್‌ಟೇಬಲ್‌ಗೆ 40, ವೈರಿಗೆ 25. ಒಟ್ಟು 2,25,000 ರೂಪಾಯಿ. ಹಾಡು ಕೇಳೂದು ಚೈನಿ ಅಂತ ನಾ ಅನ್ನೂದಿಲ್ಲ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ ಇವರ ಊರಾಗ ಇದ್ದು ಹಂಗ ಅಂದ್ರ ನಾಲಿಗಿ ಹುಳಾ ಬಿದ್ದೀತು. ಆದ್ರ ಚೀಟಿಯೊಳಗ ಒಂದೊಂದ ಸಾಲು ನೋಡೋಣ ಬರ್ರಿ.

ಮೊದಲ ವೈರು. ಸ್ಪೀಕರಿಗೆ ಹೋಗೂ ವೈರು ತಾಮ್ರದ್ದು ಇರಬೇಕು, ದೂರಕ್ಕ ತಕ್ಕಷ್ಟು ದಪ್ಪ ಇರಬೇಕು, ಜೋಡಣಿ ಬಿಗಿ ಇರಬೇಕು. ಹತ್ತು ಫೂಟಿನ ಕೋಲಿಗೆ ಇಷ್ಟು ಸಾಕು. 25 ಸಾವಿರದ ವೈರು ಅಂದ್ರ ಹುಳಿಗೆ ಬಂಗಾರದ ಸೌಟು ಹಾಕಿಧಂಗ.

ಆಮ್ಯಾಲೆ ವಾಟು. 50 ವಾಟು ಬಿಟ್ಟು 100 ವಾಟು ತಂದ್ರ ದನಿ ದುಪ್ಪಟ್ಟು ಆಗತದ ಅಂತ ತಿಳಕೋತಾರ. ಹಂಗ ಆಗೂದಿಲ್ಲ. 3 ಡೆಸಿಬೆಲ್ ಅಷ್ಟ ಏರತದ, ಅಂದ್ರ ಒಂಚೂರು ಜೋರು. ನಮ್ಮ ಕಿವಿಗೆ ದುಪ್ಪಟ್ಟು ಅನಸಬೇಕಂದ್ರ ಸುಮಾರು ಹತ್ತು ಪಟ್ಟು ವಾಟು ಬೇಕು. ನಮ್ಮ ಪಡಸಾಲ್ಯಾಗ ಕೂತು ಕೇಳಲಿಕ್ಕೆ ಈಗಿರೂದ ಹೆಚ್ಚಾಗೇದ. ಬಾಜೂ ಮನ್ಯಾಗ ಎಸ್ಸೆಸ್ಸೆಲ್ಸಿ ಹುಡುಗಿ ಬ್ಯಾರೆ ಓದ್ಲಿಕತ್ತಾಳ.

ರೆಕಾರ್ಡು ಮಾತು ಇನ್ನೊಂದು. ನಮ್ಮ ಅಟ್ಟದ ಮ್ಯಾಲೆ ಇರೂವು ಬಹಳಷ್ಟು ಹಳೇ 78 ಸುತ್ತಿನವು, ಒಂದು ಮಗ್ಗಲಕ್ಕ ಮೂರು ಮಿನಿಟಿನ ಹಾಡು. ಈಗ ಸಿಗೂ ಎಷ್ಟೋ ಟರ್ನ್‌ಟೇಬಲಿನಾಗ 33 ಮತ್ತ 45ರ ವೇಗ ಅಷ್ಟ ಇರತದ. 78ಕ್ಕ ಸೂಜಿನೂ ಬ್ಯಾರೆ, ಅಗಲದ್ದು ಬೇಕು. ಅದನ್ನ ಕೇಳಿ ತರಬೇಕು. ಮತ್ತ ಹಳೇ ರೆಕಾರ್ಡಿನಾಗ ಇಲ್ಲದ್ದನ್ನ ಯಾವ ದುಬಾರಿ ಸ್ಪೀಕರೂ ತಂದು ಹಾಕೂದಿಲ್ಲ. ಕರಕರ ಸಪ್ಪಳ ಇದ್ದದ್ದು ಇನ್ನೂ ಚೊಲೋ ಕೇಳಸತದ ಅಷ್ಟ.

ಚೀಟಿಯೊಳಗ ಇಲ್ಲದ ಸಾಮಾನು ಯಾವುದು ಗೊತ್ತದ ಏನು? ಕೋಲಿ. ನೆಲಕ್ಕ ಟೈಲ್ಸ್, ಮ್ಯಾಲೆ ಸ್ಲ್ಯಾಬ್, ಕಿಡಕಿಗೆ ಗಾಜು. ಕೈ ಚಪ್ಪಾಳಿ ಹೊಡದು ನೋಡ್ರಿ, ಠಣ್ ಅಂತ ತಿರುಗಿ ಬರತದ. ಹಾಡಿಂದೂ ಹಂಗ, ಸ್ವರದ ಮ್ಯಾಲೆ ಸ್ವರ ಬಿದ್ದು ಕಲಸಿ ಹೋಗತದ. ನೆಲಕ್ಕ ನವಲಗುಂದದ ಜಮಖಾನಿ, ಕಿಡಕಿಗೆ ದಪ್ಪ ಪಡದೆ, ಎದುರಿನ ಗ್ವಾಡಿಗೆ ನಾಕು ಪದರಿನ ಕೌದಿ ಹಾಕಿದ್ರ ಎಷ್ಟೋ ಫರಕ ಬೀಳತದ. ಸ್ಪೀಕರನ್ನ ಮೂಲ್ಯಾಗಿಂದ ಸ್ವಲ್ಪ ಮುಂದ ಸರಸಿದ್ರ ಗುಂಯ್‌ಗುಡೂದೂ ಕಡಿಮಿ ಆಗತದ, ಅದಕ್ಕ ಒಂದು ಪೈಸಾನೂ ಖರ್ಚಿಲ್ಲ. ಇಷ್ಟು ಮಾಡಿ, ಆಮ್ಯಾಲೆ ಬೇಕನಿಸಿದ್ರ ಸ್ಪೀಕರ್ ತರಲಿ. ಅಂಗಡ್ಯಾಗ ನಮ್ಮ ಹಾಡು ನಾವ ಹಚ್ಚಿಸಿ ಕೇಳಬೇಕು. ಎರಡೂ ಜೋಡಿ ಒಂದ ಮಟ್ಟದ ದನಿಗೆ ಇಡಸಬೇಕು, ಯಾಕಂದ್ರ ಯಾವುದು ಸ್ವಲ್ಪ ಜೋರು ಇರತದೋ ಅದ ಚೊಲೋ ಅನಸತದ.

ಈಗ ನನಗ ಖರೇನ ಕಾಡೂ ಮಾತು. ನಮ್ಮ ಮನ್ಯಾಗ ಎಲ್ಲಾರಕಿಂತ ಹೆಚ್ಚು ಹಾಡು ಕೇಳಿದಾಕಿ ನಮ್ಮ ಅತ್ತಿ. ಧಾರವಾಡ ಆಕಾಶವಾಣಿ ಶುರು ಆದದ್ದು 1950ರಾಗ, ಆಗ ಅವರು ಒಂಬತ್ತು ವರ್ಷದ ಹುಡುಗಿ. ಈಗ "ದನಿ ಬರತದ, ಆದ್ರ ಶಬ್ದ ತಿಳಿಯೂದಿಲ್ಲವಾ" ಅಂತಾರ. ವಯಸ್ಸಾದಂಗ ಕಿವಿ ಮೊದಲ ಬಿಡೂದು ಮ್ಯಾಲಿನ ಸ್ವರಗಳನ್ನ. ಸ, ಫ, ತ ಇಂಥಾ ಅಕ್ಷರದ ಗುರುತು ಇರೂದು ಅಲ್ಲೇ. ಅದಕ್ಕ ಎಷ್ಟು ಜೋರು ಮಾಡಿದ್ರೂ ಸಪ್ಪಳ ಹೆಚ್ಚಾಗತದ ಹೊರತು ಮಾತು ಸ್ವಚ್ಛ ಆಗೂದಿಲ್ಲ. ಕಿವಿ ಪರೀಕ್ಷಾ ಮಾಡಿಸಿ, ಎಲ್ಲಿ ಎಷ್ಟು ಕಡಿಮಿ ಅದ ನೋಡಿ, ಅದಕ್ಕ ತಕ್ಕಂಗ ಹೊಂದಿಸಿದ ಕಿವಿ ಮಷೀನು ಬೇಕು. ಸಾವಿರದಿಂದ ಹಿಡದು ಲಕ್ಷದ ಮಟಾ ಸಿಗತಾವ. ಅದು ಯಾರ ಚೀಟಿಯೊಳಗೂ ಇಲ್ಲ. ಅವರೂ ಕೇಳೂದಿಲ್ಲ. "ನನಗ್ಯಾಕವಾ ಖರ್ಚು" ಅಂತಾರ, ಪಡಸಾಲ್ಯಾಗ ಹಾಡು ಹಚ್ಚಿದ್ರ ಎದ್ದು ದೇವರ ಕೋಲಿಗೆ ಹೋಗತಾರ.

ಅದಕ್ಕ ನಾನೂ ಒಂದು ಚೀಟಿ ಬರದೀನಿ. ಒಂದನೇದು ಅತ್ತಿಯವರ ಕಿವಿ. ಎರಡನೇದು ಜಮಖಾನಿ, ಪಡದೆ. ಮೂರನೇದು ಸ್ಪೀಕರ್, ಅದೂ ಕೇಳಿ ನೋಡಿದ ಮ್ಯಾಲೆ. ಆಂಪ್ಲಿಫೈಯರ್ ಈಗಿಂದ ನಡೀಲಿ. ಉಳದ ರೊಕ್ಕ ಬ್ಯಾಂಕಿನಾಗ ಇರಲಿ. ಮನಿಯವರು ಓದಿ ಸುಮ್ಮನ ಕೂತಾರ, ಇನ್ನೂ ಹೂಂ ಅಂದಿಲ್ಲ, ಊಂಹೂಂ ಅಂತನೂ ಅಂದಿಲ್ಲ.

ಅಕ್ಕಾರ, ವೈನಿಗಳ, ನಿಮ್ಮ ಮನ್ಯಾಗ ಇಂಥಾ ಚೀಟಿ ಬಂದ್ರ ಚಹಾ ಕೊಟ್ಟು ಒಳಗ ಹೋಗಬ್ಯಾಡ್ರಿ. ಕುರ್ಚಿ ಎಳಕೊಂಡು ಕೂಡ್ರಿ. ಈ ಹಾಡು ಯಾರ್ಯಾರಿಗೆ ಕೇಳಸಬೇಕು ಅಂತ ಮೊದಲ ಕೇಳ್ರಿ, ಎಷ್ಟು ವಾಟು ಅನ್ನೂದು ಆಮ್ಯಾಲೆ.