ಹೊಟ್ಟೆಯ ಚೀಲ: ನಾಚಿಕೆ ಬೇಡ, ಎಚ್ಚರ ಇರಲಿ

“ಯಾರ ಮುಂದನೂ ಹೇಳಬ್ಯಾಡವಾ, ನಾಚಿಕಿ ಬರ್ತದ.” ದೊಡ್ಡ ಕರುಳಿನ ಆಪರೇಷನ್ ಆಗಿ ರಾವೂರಿನ ಮನೆಗೆ ಬಂದ ದಿನ ನಮ್ಮತ್ತೆ ಹೇಳಿದ ಮೊದಲ ಮಾತಿದು. ಹೊಟ್ಟೆಯ ಮೇಲೆ ಕರುಳಿನ ಬಾಯಿ, ಮಲ ಸೇರಲು ಅದಕ್ಕೊಂದು ಚೀಲ. ಇದೇ ಕೊಲೊಸ್ಟಮಿ.

ಆಸ್ಪತ್ರೆಯಲ್ಲಿ ಚೀಲ ಬದಲಿಸುವುದನ್ನು ತೋರಿಸಿದ್ದು ನನ್ನ ಗಂಡನಿಗೆ. ಮನೆಯಲ್ಲಿ ಬದಲಿಸುವವಳು ನಾನು! ಹತ್ತೇ ದಿನದಲ್ಲಿ ಸೋರಿಕೆಯಿಂದ ಸುತ್ತಲಿನ ಚರ್ಮ ಹುಣ್ಣಾಯಿತು. ಕೊಬ್ಬರಿ ಎಣ್ಣೆ ಹಚ್ಚಿದೆ. ಚೀಲ ಅಂಟಲೇ ಇಲ್ಲ. ಕೊನೆಗೆ ನಾಚಿಕೆ ಬಿಟ್ಟು ನರ್ಸ್ ಬಳಿ ಹೋಗಿ ಕಲಿತೆ.

ಕಲಿತದ್ದು ಇಷ್ಟೆ. ಬರೀ ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಚರ್ಮ ಪೂರ್ತಿ ಒಣಗಿಸಬೇಕು. ಎಣ್ಣೆ, ಅರಿಶಿನ, ಪೌಡರ್ ಅಂತ ಮನೆಮದ್ದು ಬೇಡ. ಚೀಲದ ತೂತು ಕರುಳಿನ ಬಾಯಿಗಿಂತ 2-3 ಮಿಲಿಮೀಟರ್ ಮಾತ್ರ ದೊಡ್ಡದಿರಲಿ. ಮೊದಲ 6-8 ವಾರ ಆ ಬಾಯಿ ಕುಗ್ಗುತ್ತಾ ಹೋಗುತ್ತದೆ, ಆದ್ದರಿಂದ ಆಗಾಗ ಅಳತೆ ನೋಡಿ. ಚೀಲ ಮೂರನೇ ಒಂದು ಭಾಗ ತುಂಬುತ್ತಲೇ ಖಾಲಿ ಮಾಡಿ. ನಮ್ಮ ಕಡೆಯ ಬಿಸಿಲಿಗೆ ಬೆವರಿನಿಂದ ಅಂಟು ಬೇಗ ಬಿಡುತ್ತದೆ; ಬೇಸಿಗೆಯಲ್ಲಿ ಬೇಗ ಬದಲಿಸಬೇಕಾದೀತು.

ಕರುಳಿನ ಬಾಯಿ ತುಟಿಯ ಒಳಭಾಗದಂತೆ ಕೆಂಪಗೆ, ತೇವವಾಗಿದ್ದರೆ ಚಿಂತೆಯಿಲ್ಲ. ಮುಟ್ಟಿದರೆ ನೋಯುವುದಿಲ್ಲ, ಒರೆಸುವಾಗ ಒಂದೆರಡು ಹನಿ ರಕ್ತ ಬಂದರೆ ಹೆದರಬೇಡಿ. ಆದರೆ ಅದು ನೀಲಿಗಟ್ಟಿದರೆ ಅಥವಾ ಕಪ್ಪಾದರೆ, ರಕ್ತ ನಿಲ್ಲದಿದ್ದರೆ, ಮಲ ನಿಂತು ಹೊಟ್ಟೆ ಉಬ್ಬಿ ವಾಂತಿಯಾದರೆ ಬೆಳಗಾಗಲಿ ಎಂದು ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಕರುಳು ಹೊರಗೆ ಜಾರಿ ಬಂದರೆ ಮಲಗಿಸಿ, ಒದ್ದೆ ಬಟ್ಟೆ ಮುಚ್ಚಿ, ಡಾಕ್ಟರಿಗೆ ಫೋನ್ ಮಾಡಿ. ಪಕ್ಕದಲ್ಲಿ ಉಬ್ಬು ಕಂಡರೆ ಅದು ಹರ್ನಿಯಾ ಇರಬಹುದು. ಎಷ್ಟೋ ಜನರಿಗೆ ಬೆಲ್ಟ್ ಸಾಕಾಗುತ್ತದೆ, ನೋವು ಅಥವಾ ಅಡಚಣೆ ಇದ್ದರೆ ಮತ್ತೆ ಆಪರೇಷನ್ ಬೇಕಾಗಬಹುದು. ಆಪರೇಷನ್ ಆದ ಮೊದಲ ತಿಂಗಳುಗಳಲ್ಲಂತೂ ತುಂಬಿದ ಕೊಡ ಎತ್ತಲು ಬಿಡಬೇಡಿ.

ನನ್ನ ಅಭಿಪ್ರಾಯ ಕೇಳಿದರೆ, ಚೀಲ ಬದಲಿಸುವವರ ಕೈಯಲ್ಲೇ ಒಮ್ಮೆ ಮಾಡಿಸಿ ನೋಡದೆ ಯಾವ ಆಸ್ಪತ್ರೆಯೂ ರೋಗಿಯನ್ನು ಮನೆಗೆ ಕಳಿಸಬಾರದು. ಅವರು ಕಲಿಸದಿದ್ದರೆ ನೀವೇ ಕೇಳಿ. ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರವಿದೆ. ಎಲ್ಲದಕ್ಕೂ ಬೆಂಗಳೂರಿಗೇ ಓಡಬೇಕಿಲ್ಲ. ಮನೆಯವರೂ ಅಷ್ಟೆ, ಮೂಗು ಮುಚ್ಚಿಕೊಂಡು ದೂರ ಸರಿಯಬೇಡಿ.

ನಮ್ಮತ್ತೆ ಈಗ ತಾವೇ ಚೀಲ ಬದಲಿಸಿಕೊಂಡು, ಸೀರೆ ಉಟ್ಟು ಮದುವೆಮನೆಗೆ ಹೋಗುತ್ತಾರೆ. ಯಾರಾದರೂ ಕೇಳಿದರೆ “ಹೌದು, ನನಗ ಚೀಲ ಅದ. ಏನೀಗ?” ಅಂತಾರೆ!