ಮೂಗಿಗೊಂದು ಸಿಹಿ ಪರೀಕ್ಷೆ

ಸ್ಯಾಕರಿನ್ ಪರೀಕ್ಷೆ ಎಂದರೇನೆಂದು ವೈವಾದಲ್ಲಿ ಕೇಳಿ, ಇಎನ್‌ಟಿ ಓದುತ್ತಿರುವ ಯಾವ ಹುಡುಗನೂ ತಡವರಿಸುವುದಿಲ್ಲ. ಓಪಿಡಿಯಲ್ಲಿ ಕೈಯಾರೆ ಮಾಡಿದ್ದೀಯಾ ಅಂದರೆ ನೆಲ ನೋಡುತ್ತಾನೆ. ನನ್ನ ತಕರಾರು ಇರುವುದೇ ಇಲ್ಲಿ.

ಮೂಗಿನ ಒಳಪೊರೆಯಲ್ಲಿ ರೋಮವಿರುವ ಒಂದೊಂದು ಜೀವಕೋಶದ ಮೇಲೂ ಸುಮಾರು 200 ಸಿಲಿಯಾಗಳಿರುತ್ತವೆ, ಬರಿಗಣ್ಣಿಗೆ ಕಾಣದ ರೋಮಗಳು. ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬಡಿಯುತ್ತಾ, ಧೂಳು ಅಂಟಿದ ಸಿಂಬಳವನ್ನು ಗಂಟಲಿನತ್ತ ತಳ್ಳುತ್ತವೆ. ನಡುಗಿವಿಯಿಂದ ಮೂಗಿನ ಹಿಂಭಾಗಕ್ಕೆ ಇಳಿಯುವ ನಾಳದಲ್ಲೂ ಇವುಗಳದೇ ಕೆಲಸ. “ಹುಟ್ಟಿದಾಗಿಂದ ಮೂಗು ಒಣಗಿದ್ದೇ ಇಲ್ಲ ಡಾಕ್ಟ್ರೇ, ಕಿವೀನೂ ಸೋರುತ್ತೆ” ಎನ್ನುವ ತಾಯಂದಿರ ಕೈಚೀಲದಲ್ಲಿ ಆಂಟಿಬಯಾಟಿಕ್ ಚೀಟಿಗಳು ಕಂತೆಗಟ್ಟಲೆ. ಸಿಲಿಯಾ ಕೆಲಸ ಮಾಡುತ್ತಿವೆಯೇ ಎಂದು ನೋಡಿದ ಚೀಟಿ ಮಾತ್ರ ನನಗೆ ಸಿಕ್ಕಿಲ್ಲ.

ಅದನ್ನು ನೋಡುವುದೇ ಈ ಪರೀಕ್ಷೆ. ಸ್ಯಾಕರಿನ್ ಎಂಬ ಕೃತಕ ಸಿಹಿಯ ಒಂದು ಮಿಲಿಮೀಟರಿನಷ್ಟು ಚೂರನ್ನು ಕೆಳಗಿನ ಟರ್ಬಿನೇಟಿನ, ಅಂದರೆ ಮೂಗಿನೊಳಗಿನ ಪಕ್ಕದ ಗೋಡೆಯ ಕೆಳಗಿನ ಉಬ್ಬಿನ, ಮುಂದಿನ ತುದಿಯಿಂದ ಒಂದು ಸೆಂಟಿಮೀಟರ್ ಹಿಂದಕ್ಕೆ ಇಡಬೇಕು. ತೀರಾ ತುದಿಯಲ್ಲಿ ಸಿಲಿಯಾ ಇಲ್ಲ, ಚೂರು ಅಲ್ಲೇ ಕೂತುಬಿಡುತ್ತದೆ. ಸೀನಬಾರದು, ಮೂಗೆಳೆಯಬಾರದು, ತಲೆ ಹಿಂದಕ್ಕೆ ವಾಲಿಸಬಾರದು. ಯಾವ ರುಚಿ ಬರುತ್ತದೆಂದು ಮೊದಲೇ ಹೇಳಲೂಬಾರದು; ಹೇಳಿದರೆ ಐದೇ ನಿಮಿಷಕ್ಕೆ “ಬಂತು ಸಾರ್” ಎನ್ನುವ ಪುಣ್ಯಾತ್ಮರಿದ್ದಾರೆ. ಸಿಲಿಯಾ ತಳ್ಳಿದ ಸ್ಯಾಕರಿನ್ ಗಂಟಲು ಮುಟ್ಟಿ 20 ನಿಮಿಷದೊಳಗೆ ಸಿಹಿ ಬಂದರೆ ಸರಿ. ಅರ್ಧ ಗಂಟೆ ದಾಟಿದರೆ ಅನುಮಾನ. ಬರಲೇ ಇಲ್ಲವೆಂದರೆ, ನಾಲಿಗೆಗೆ ಸ್ಯಾಕರಿನ್ ರುಚಿ ಗೊತ್ತಾಗುತ್ತದೆಯೇ ಎಂದು ನೋಡಿಯೇ ಮುಂದಿನ ಮಾತು. ತಮಟೆ ತೂತಾದ ಕಿವಿಯಲ್ಲಿ ಆ ತೂತಿನಿಂದಲೇ ಸ್ಯಾಕರಿನ್ ಹಾಕಿ, ಆಪರೇಷನ್ನಿಗೆ ಮುಂಚೆ ಕಿವಿಯಿಂದ ಮೂಗಿಗಿಳಿಯುವ ಆ ನಾಳವನ್ನೂ ಪರೀಕ್ಷಿಸಬಹುದು.

ಇದಕ್ಕೆ ಮಿತಿಯಿದೆ. ನೆಗಡಿಯಾದಾಗ ಸಿಲಿಯಾ ಹೇಗೂ ಸೋತಿರುತ್ತವೆ. ವಾಸಿಯಾಗಿ ಕೆಲವು ವಾರ ಕಳೆದ ಮೇಲೆ ಮಾಡಬೇಕು. ಪುಟ್ಟ ಮಕ್ಕಳು ಕೂರುವುದಿಲ್ಲ. ಹುಟ್ಟಿನಿಂದಲೇ ಸಿಲಿಯಾ ಕೆಟ್ಟಿರುವ ಕಾಯಿಲೆಯನ್ನು 1976ರಲ್ಲಿ ಸ್ವೀಡನ್ನಿನ ಬ್ಯೋರ್ನ್ ಅಫ್ಜೇಲಿಯಸ್ ವಿವರಿಸಿದರು. ಅಂಥವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯ ಬಲಗಡೆ. ಆ ಕಾಯಿಲೆಯನ್ನು ಖಚಿತಪಡಿಸಲು ಸ್ಯಾಕರಿನ್ ಸಾಲದು. ಮೂಗಿನೊಳಗಿಂದ ಬ್ರಷ್ಷಿನಲ್ಲಿ ಜೀವಕೋಶ ತೆಗೆದು, ಸೆಕೆಂಡಿಗೆ ನೂರಾರು ಚಿತ್ರ ಹಿಡಿಯುವ ಕ್ಯಾಮೆರಾದಡಿ ಬಡಿತ ನೋಡಬೇಕು. ಆ ಕ್ಯಾಮೆರಾ ಪ್ರತಿ ಜಿಲ್ಲಾಸ್ಪತ್ರೆಗೂ ಬೇಕೆಂದು ನಾನು ಕೇಳುತ್ತಿಲ್ಲ.

ಸ್ಯಾಕರಿನ್‌ಗೂ ಪುರಸೊತ್ತಿಲ್ಲ, ರಶ್ಶು ಜಾಸ್ತಿ ಎನ್ನುತ್ತಾರೆ. ಪಕ್ಕದ ಕಣ್ಣಿನ ವಿಭಾಗದಲ್ಲಿ ಪಾಪೆ ಹಿಗ್ಗಲೆಂದು ಡ್ರಾಪ್ಸ್ ಹಾಕಿ ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸುತ್ತಾರಲ್ಲ, ಅಲ್ಲಿ ರಶ್ಶಿಲ್ಲವೇ?